ಎವಾಂಥಿಯಾಳ ಬಾಗಿಲ ಮೆಟ್ಟಿಲು

ಥೆಸಲೊನಿಕಿಯ ಮೇಲೂರಿನ ನಮ್ಮ ಓಣಿಯಲ್ಲಿ ಎವಾಂಥಿಯಾಳ ಅಂಗಳದಷ್ಟು ಬೆಳ್ಳಗಿನ ಅಂಗಳ ಇನ್ನೊಂದಿರಲಿಲ್ಲ. ಬಟ್ಟೆ ಹೊಲಿದು ಬದುಕಿದ ವಿಧವೆ. ಮದುವೆಯಾಗಿ ಬಂದಾಗಿನಿಂದ ನಲವತ್ತೆಂಟು ವರ್ಷ, ಪ್ರತಿ ಈಸ್ಟರಿಗೆ ಮುಂಚೆ ಗೋಡೆ, ಹೂಕುಂಡ, ಬಾಗಿಲ ಮೆಟ್ಟಿಲು ಎಲ್ಲಕ್ಕೂ ಸುಣ್ಣ ಬಳಿಯುತ್ತಿದ್ದಳು. ಮೆಟ್ಟಿಲುಗಲ್ಲಿನ ನಡುವೆ ಒಂದು ಉಬ್ಬು, ಅಂಚಿನಲ್ಲಿ ಒಂದು ಕಚ್ಚು. ಕಚ್ಚಿನಲ್ಲಿ ಪೊರಕೆ ಸಿಕ್ಕಿಕೊಂಡಾಗಲೆಲ್ಲ ಕಲ್ಲನ್ನು ಬೈಯುವಳು.

ಊರ ನಡುವೆ, ಬಸ್ಸುಗಳ ಗದ್ದಲದ ಪಕ್ಕದಲ್ಲೇ, ರೋಮನ್ನರ ಹಳೆಯ ಚೌಕವಿದೆ. ನೋಡಲು ಪರದೇಶದವರು ಬರುತ್ತಾರೆ, ನಾವು ಹೋಗುವುದಿಲ್ಲ. ಕಳೆದ ಜೂನಿನಲ್ಲಿ ಬಸ್ ಮುಷ್ಕರ. ನಡೆದು ಬರುತ್ತಿದ್ದ ಎವಾಂಥಿಯಾ, ನಾನು ಇಬ್ಬರೂ ಬಿಸಿಲು ತಾಳದೆ ನೆರಳಿಗೆಂದು ಒಳಗೆ ಹೋದೆವು.

“ಮುರಿದ ಕಲ್ಲು ನೋಡೋಕೆ ಟಿಕೆಟ್ ಬೇರೆ! ನನ್ನ ಮೊಣಕಾಲು ನೋಡ್ಲಿ, ಪುಕ್ಕಟೆ ತೋರಿಸ್ತೀನಿ,” ಎಂದಳು.

ಒಂದು ಗೋರಿಗಲ್ಲಿನ ಮುಂದೆ ಅವಳ ನಗು ನಿಂತಿತು. ಅದರ ಮೇಲೆ ಕೆತ್ತಿದ ಪುಟ್ಟ ಹುಡುಗಿ, ಕೈಯಲ್ಲಿ ಪಾರಿವಾಳ, ತಲೆಯಿಲ್ಲ. ಕೊರಳಿನ ಹತ್ತಿರ ಕಲ್ಲು ಓರೆಯಾಗಿ ಒಡೆದು, ಅಂಚಿನಲ್ಲಿ ಹಲ್ಲಿನಂಥ ಚೂಪೊಂದು ಉಳಿದಿತ್ತು. ಎವಾಂಥಿಯಾ ಅದನ್ನು ಸವರಿದಳು.

“ಮುಟ್ಬೇಡಿ ಅಜ್ಜಿ!” ಎಂದು ಕಾವಲಿನವನು ಕೂಗಿದ.

ಅವಳಿಗೆ ಕೇಳಿಸಲಿಲ್ಲ. ಕೆಳಗಿನ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಜೋಸಿಮೆ. ಏಳು ವರ್ಷ.

“ನನ್ನ ಪೊರಕೆ ಸಿಕ್ಕಿಕೊಳ್ಳೋ ಕಚ್ಚಿಗೆ ಸರಿಯಾಗಿ ಕೂರುತ್ತೆ ಈ ಹಲ್ಲು,” ಎಂದಳು. ಮುಖ ಸುಣ್ಣದಂತಾಗಿತ್ತು.

ಮನೆಗೆ ಬಂದವಳೇ ಬ್ರೆಡ್ ಕೊಯ್ಯುವ ಚಾಕು ಹಿಡಿದು ಮೆಟ್ಟಿಲ ಮುಂದೆ ಕುಳಿತಳು. ಸುಣ್ಣ ಪದರಪದರವಾಗಿ ಎದ್ದಿತು. ಜಡೆ ಬಂತು, ಹಣೆ ಬಂತು, ಒಂದು ಕಣ್ಣು ಬಂತು. ಮೂಗಿರಲಿಲ್ಲ. ಸವೆದಿತ್ತು.

ಚಾಕು ಕೆಳಗಿಟ್ಟಳು. “ಮದುವೆ ದಿನ ಇವಳ ಮೇಲೇ ಕಾಲಿಟ್ಟು ಒಳಗೆ ಬಂದೆ ಕಣೇ. ಆಗ ಮೂಗಿತ್ತೇನೋ.”

“ಬಾಯಿ ಮುಚ್ಕೊಂಡು ಸುಣ್ಣ ಬಳಿಯಕ್ಕಾ,” ಎಂದೆ ನಾನು. “ಹೇಳಿದ್ರೆ ಪುರಾತತ್ವದವರು ಬಂದು ಅಂಗಳ ಅಗೀತಾರೆ. ಮನೆನೇ ಹೋದೀತು. ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ತೀಯಾ?”

ಅವಳು ಸುಣ್ಣ ಬಳಿಯಲಿಲ್ಲ. ಮೂರು ದಿನ ಆ ಮೆಟ್ಟಿಲು ದಾಟಲಾರದೆ, ಕುರ್ಚಿ ಹಾಕಿಕೊಂಡು ಅಡುಗೆಮನೆಯ ಕಿಟಕಿಯಿಂದ ಹತ್ತಿ ಇಳಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಗೋಧಿ ಬೇಯಿಸಿ, ಸಕ್ಕರೆ, ದಾಳಿಂಬೆ ಬೆರೆಸಿದಳು. ಸತ್ತವರ ಹೆಸರಿನಲ್ಲಿ ನಾವು ಹಂಚುವುದು ಇದನ್ನೇ. ಚೌಕದ ಕಾವಲಿನವನ ಕೈಗೆ ಮೊದಲ ಬಟ್ಟಲು ಕೊಟ್ಟಳು.

“ತಿನ್ನಪ್ಪಾ, ನಮ್ಮನೆ ಹುಡುಗಿದು.”

“ಅಯ್ಯೋ, ಯಾವಾಗ ತೀರಿಕೊಂಡ್ಳು ಅಜ್ಜಿ?”

“ನಿಮ್ಮವರಿಗೇ ಗೊತ್ತು. ಮೈ ಇಲ್ಲಿದೆ, ತಲೆ ನನ್ನ ಬಾಗಿಲಲ್ಲಿದೆ. ಕರಿ ಅವರನ್ನ. ಬೇಕಾದ್ರೆ ಅಂಗಳ ಅಗೀಲಿ.”