ಮಧ್ಯಾಹ್ನದ ಬಸ್ಸಿಗೆ ಹೋದ ಡಬ್ಬಿ

ನಮ್ಮೂರು ಮೇಲವಂಕಿಯ ಹೈಸ್ಕೂಲಿಗೆ ಒಂದು ದಿನ ಚಕ್ಕರ್ ಹೊಡೆದರೆ ಸಾಕು, ಸಂಜೆ ಗಣಿತದ ಸರ್ ನಮ್ಮ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ ಅಪ್ಪನ ಮುಂದೆ ನನ್ನ ಪುರಾಣ ಬಿಚ್ಚುತ್ತಿದ್ದರು. ಬೈಗುಳ, ಕಿವಿ ಹಿಂಡುವುದು ಎಲ್ಲ ಅಲ್ಲೇ ಮುಗಿಯುತ್ತಿತ್ತು. ಚಾಡಿ ಯಾರು ಹೇಳಿದರೆಂದು ತಲೆ ಕೆಡಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ.

ಗೋಕಾಕದ ಕಾಲೇಜಿನಲ್ಲಿ ಮೊದಲ ದಿನವೇ ನನಗೆ ಅನುಮಾನ ಬಂತು. ತಡವಾಗಿ ಹೋಗಿ ಬಾಗಿಲಲ್ಲಿ ನಿಂತರೆ ಪ್ರಾಧ್ಯಾಪಕರು, "ಬರ್ರಿ, ಕೂಡ್ರಿ. ಮನಸಿಲ್ಲಂದ್ರ ಹೊರಗ ಹೋಗ್ರಿ, ನಮ್ಮದೇನ ತಕರಾರಿಲ್ಲ" ಎಂದರು. ಹುಟ್ಟಿದಾಗಿನಿಂದ ಯಾರೂ ನನಗೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಅತಿ ವಿನಯ ಧೂರ್ತ ಲಕ್ಷಣ ಎಂದು ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿದವನು ನಾನು. ಇವರು ಎಲ್ಲವನ್ನೂ ಗುಟ್ಟಾಗಿ ಗುರುತಿಟ್ಟುಕೊಂಡು ಒಂದು ದಿನ ಒಮ್ಮೆಲೇ ಹಿಡಿಯುತ್ತಾರೆ ಎಂದುಕೊಂಡೆ.

ಹೆದರಿಕೆಗೆ ಕಾರಣವಿತ್ತು. ಬಸ್ಸು ಹತ್ತಿಸುವಾಗಲೇ ಅಪ್ಪ ಹೇಳಿದ್ದ: "ಎರಡ ಸಲ ತಪ್ಪ ಮಾಡಿದ್ರ ಸುಮ್ನಿರತೇನಿ. ಮೂರನೇ ಸಲಕ್ಕ ಪುಸ್ತಕ ಕಟ್ಟಿ ಮನಿಗಿ ಬಾ. ಹೊಲದಾಗ ಕೆಲಸ ಭಾಳ ಐತಿ." ಅಪ್ಪ ಆಡಿದ ಮಾತು ತಪ್ಪುವವನಲ್ಲ.

ಬಾಡಿಗೆ ಖೋಲಿಯಲ್ಲಿ ನನ್ನ ಜೊತೆಗೆ ಯಮಕನಮರಡಿಯ ಹುಡುಗನೊಬ್ಬ ಇದ್ದ. "ಲೇ" ಎನ್ನದೆ ಮಾತೇ ಶುರು ಮಾಡದವನು. ಇಬ್ಬರಿಗೂ ಮನೆಯಿಂದ ಬುತ್ತಿಯ ಡಬ್ಬಿ ಬೆಳಗಿನ ಬಸ್ಸಿಗೆ ಬರುತ್ತಿತ್ತು. ನಿಲ್ದಾಣದಿಂದ ತಂದು, ಕಾಲೇಜು ಬಿಟ್ಟ ಮೇಲೆ ಖಾಲಿ ಡಬ್ಬಿಯನ್ನು ಸಂಜೆಯ ಬಸ್ಸಿಗೆ ಹಾಕುವುದು ನಮ್ಮ ಕಡೆಯ ರೂಢಿ.

ಕಾಲೇಜಿನಲ್ಲಿ ಖರೇನೇ ಯಾರೂ ಕೇಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಒಂದು ಬುಧವಾರ ಧೈರ್ಯ ಮಾಡಿದೆ. ಬೇಗ ಉಂಡು, ಡಬ್ಬಿ ತೊಳೆದು ಮಧ್ಯಾಹ್ನದ ಬಸ್ಸಿಗೆ ಹಾಕಿ, ಫಾಲ್ಸ್ ನೋಡಲು ಹೋದೆ. ರವಿವಾರ ಊರಿಗೆ ಹೋದಾಗ ಅಪ್ಪ ರೊಟ್ಟಿ ಮುರಿಯುತ್ತಲೇ ಕೇಳಿದ: "ಬುಧವಾರ ಕಾಲೇಜಿಗಿ ಹೋಗಿರಲಿಲ್ಲಲ್ಲ?"

ಒಂದು ಸಲ ಲೆಕ್ಕಕ್ಕೆ ಸೇರಿತು. ಮುಂದಿನ ತಿಂಗಳು ಘಟಪ್ರಭಾಕ್ಕೆ ಹೋಗಿ ಸುಮ್ಮನೆ ರೈಲು ನೋಡುತ್ತ ಕುಳಿತು ಬಂದೆ. ಅದೂ ಅಪ್ಪನಿಗೆ ಗೊತ್ತಾಗಿತ್ತು.

ಇನ್ನೊಂದು ಸಲವಾದರೆ ಪುಸ್ತಕ ಕಟ್ಟುವುದೇ. ಯಾರು ಹೇಳುತ್ತಿದ್ದಾರೆ? ಕಂಡಕ್ಟರನನ್ನು ಶಂಕಿಸಿದೆ, ಚಹಾದಂಗಡಿಯ ಕಾಕಾನನ್ನೂ ಬಿಡಲಿಲ್ಲ. ಕೊನೆಗೆ ಕಣ್ಣು ಖೋಲಿಯ ಜೊತೆಗಾರನ ಮೇಲೆ ಬಿತ್ತು. ಫೋನ್ ಬಂದರೆ ಹೊರಗೆ ಹೋಗಿ ಮಾತಾಡುತ್ತಿದ್ದ. ಒಮ್ಮೆ ನಿಲ್ದಾಣದಲ್ಲಿ ಅಪ್ಪನ ಜೊತೆ ನಗುತ್ತ ನಿಂತಿದ್ದನ್ನೂ ಕಂಡಿದ್ದೆ. ಇನ್ನೇನು ಸಾಕ್ಷಿ ಬೇಕು?

"ನಮ್ಮಪ್ಪಗ ಚಾಡಿ ಹೇಳಾವ ನೀನ ಅಲ್ಲೇನ?" ಎಂದೆ, ಅವನು ಉಣ್ಣುತ್ತಿದ್ದಾಗಲೇ.

"ಏನ ಚಾಡಿಲೇ? ಹುಚ್ಚಗಿಚ್ಚ ಹಿಡದೈತೇನ?" ಎಂದ. ಮುಖ ಕೆಂಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಒಳಗೊಳಗೇ ಗೆದ್ದೆ.

ವಾರದೊಳಗೆ ಅವನು ಬೇರೆ ಖೋಲಿ ಹಿಡಿದ. ಹೋಗುವಾಗ ರೊಟ್ಟಿಗೆ ನಂಜಿಕೊಳ್ಳುವ ಶೇಂಗಾ ಹಿಂಡಿಯಲ್ಲಿ ನನ್ನ ಪಾಲು ಬಿಟ್ಟು ಹೋಗಿದ್ದ. ಅದನ್ನೂ ಅನುಮಾನದಿಂದಲೇ ತಿಂದೆ.

ಗೂಢಚಾರ ತೊಲಗಿದನಲ್ಲ ಎಂದು ಮತ್ತೊಂದು ದಿನ ಕ್ಲಾಸು ಬಿಟ್ಟೆ. ಆ ರವಿವಾರ ಅಪ್ಪ ಹೊಲದಲ್ಲಿದ್ದ. ಅವ್ವ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಹೇಳಿದಳು: "ಈ ಸಲದ್ದ ನಿಮ್ಮಪ್ಪಗ ಹೇಳಿಲ್ಲ. ಸಾಲಿ ಬಿಡಸ್ತಾನ ಅಂತ ಸುಮ್ನಿದ್ದೇನಿ."

"ನಿನಗ ಯಾರ ಹೇಳಿದ್ರವ್ವಾ?"

"ಯಾರ ಯಾಕ ಹೇಳಬೇಕೋ? ಕಾಲೇಜಿಗಿ ಹೋದ ದಿನ ಡಬ್ಬಿ ಸಂಜಿ ಬಸ್ಸಿಗಿ ಬರತೈತಿ. ನೀ ತಿರಗಾಕ ಹೋದ ದಿನ ಮಧ್ಯಾಹ್ನದ ಬಸ್ಸಿಗೇ ಬರತೈತಿ. ಅದೂ ತೊಳದ! ನಿನಗ ಅಷ್ಟ ಪುರಸೊತ್ತ ಎಲ್ಲಿಂದ ಬಂತು?"

ನಾಚಿಕೆಯಿಂದ ನೆಲ ನೋಡಿದೆ. ಸೋಮವಾರ ಕಾಲೇಜಿನ ಮೆಟ್ಟಿಲ ಮೇಲೆ ಖೋಲಿಯ ಹಳೆಯ ಜೊತೆಗಾರನನ್ನು ತಡೆದು ಡಬ್ಬಿಯ ಕತೆ ಹೇಳಿದೆ. ತಪ್ಪಾಯಿತೆಂದೆ. ನಗುತ್ತಾನೆ, "ಲೇ ಹುಚ್ಚಾ" ಎಂದು ಬೆನ್ನಿಗೆ ಗುದ್ದುತ್ತಾನೆ ಎಂದು ಕಾದೆ. ಅವನು ಪೂರ್ತಿ ಕೇಳಿಸಿಕೊಂಡು ಪುಸ್ತಕವನ್ನು ಬಗಲಿಗೆ ಸೇರಿಸಿದ.

"ಆತ್ರಿ," ಎಂದ. "ಕ್ಲಾಸಿಗಿ ಹೊತ್ತಾತು, ದಾರಿ ಬಿಡ್ರಿ."