ಟೈಪಿಂಗ್ ಮೇಷ್ಟ್ರ ನಲವತ್ತೊಂದು ಆಟಗಳು

ಅಥವಾ ನಡುಗುತ್ತಿದ್ದದ್ದು ಮೇಷ್ಟ್ರ ಬಲಗೈಯ ಹೆಬ್ಬೆರಳೇ ಇರಬೇಕು. ಎಡಗೈಯದು ಎಂದೇ ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ, ಬರೆಯಲು ಕೂತ ಮೇಲೆ ಅನುಮಾನ ಬಂದಿದೆ. ಕಾಣುವುದಂತೂ ಒಂದು ಹೆಬ್ಬೆರಳು. ಚಪ್ಪಟೆ ಉಗುರು, ಉಗುರಿನ ಸಂದಿಯಲ್ಲಿ ಟೈಪ್‌ರೈಟರ್ ರಿಬ್ಬನ್ನಿನ ಕಪ್ಪು, ಗೆಣ್ಣಿನ ಮೇಲೆ ಎರಡೇ ಎರಡು ಬಿಳಿ ಕೂದಲು. ವಿಡಿಯೊ ಗೇಮಿನ ರಿಮೋಟಿನ ಗುಂಡಿಯ ಮೇಲೆ ಕೂತು, ಒತ್ತದೆ, ಒತ್ತಲೂ ಆಗದೆ ಅದುರುತ್ತಿದೆ. ಅದರ ಹಿಂದಿನ ಕೈಯನ್ನು, ತೋಳನ್ನು, ಮುಖವನ್ನು ನಾನು ಒಂದೊಂದಾಗಿ ಸೇರಿಸಿಕೊಳ್ಳಬೇಕು. ಸೇರಿಸುವಾಗ ಏನೇನು ನನ್ನ ಕಡೆಯಿಂದ ಬಂತೋ ಹೇಳಲಾರೆ.

ಮಳವಳ್ಳಿಯ ಒಂದು ಕಚೇರಿಯಲ್ಲಿ ನಾನು ಗುಮಾಸ್ತೆ. ಟೈಪಿಂಗ್ ಪಾಸಾಗದೆ ಬಡ್ತಿ ಇಲ್ಲ ಎಂದಾಗ ನನಗೆ ಮೂವತ್ತೆಂಟು. ಹತ್ತಿರದಲ್ಲಿ ಇನ್ನೂ ಬಾಗಿಲು ತೆಗೆದಿದ್ದ ಇನ್‌ಸ್ಟಿಟ್ಯೂಟ್ ಮದ್ದೂರಿನದು ಒಂದೇ ಎಂದು ಯಾರೋ ಹೇಳಿದರು. ಬಸ್ಸಿಳಿದು ಒಂದು ಬೇಕರಿಯ ಪಕ್ಕದ ಮೆಟ್ಟಿಲು ಹತ್ತಬೇಕು. ಮೇಲೆ ಎಂಟು ಯಂತ್ರಗಳು, ಕಲಿಯಲು ನಾನೊಬ್ಬಳು. ಆದರೂ ಮೇಷ್ಟ್ರು ಹಾಜರಿ ಕೂಗುತ್ತಿದ್ದರು. ನನ್ನ ಹೆಸರು ಕೂಗಿ, ನಾನು "ಇದ್ದೀನಿ ಮೇಷ್ಟ್ರೇ" ಎಂದ ಮೇಲೆ ಕನ್ನಡಕದ ಮೇಲಿನಿಂದ ಇಡೀ ಕೋಣೆಯನ್ನೊಮ್ಮೆ ನೋಡಿ, "ಮಿಕ್ಕೋರು ಗೈರು" ಎಂದು ಬರೆದುಕೊಳ್ಳುತ್ತಿದ್ದರು. ನಗುತ್ತಿರಲಿಲ್ಲ. ಅದು ತಮಾಷೆಯೋ ಅಲ್ಲವೋ ನನಗೆ ಕೊನೆಯವರೆಗೂ ಹೊಳೆಯಲಿಲ್ಲ.

ನನ್ನ ಕಿರುಬೆರಳು ಕೆಲಸ ಮಾಡುತ್ತಿರಲಿಲ್ಲ. ಕಿರುಬೆರಳಿಗೆ ಸೇರಿದ ಅಕ್ಷರವನ್ನೆಲ್ಲ ಉಂಗುರದ ಬೆರಳಿನಿಂದ ಕದ್ದು ಹೊಡೆಯುತ್ತಿದ್ದೆ. ಮೂರನೇ ವಾರ ಮೇಷ್ಟ್ರು ಹಿಂದೆ ಬಂದು ನಿಂತರು.

"ಏನಮ್ಮಾ, ಕಿರುಬೆಳ್ಳು ಎಲ್ಲಿಗ್ ಓಯ್ತು? ತೌರ್‌ಮನೆಗಾ?"

"ಬರ್ತಿಲ್ಲ ಮೇಷ್ಟ್ರೇ."

"ಬತ್ತದೆ, ಬತ್ತದೆ. ಬಾ ಒಳಕ್ಕೆ."

ಒಳಗೆ ಎಂದರೆ ಪರದೆಯ ಹಿಂದಿನ ಕೋಣೆ, ಅವರ ಮನೆ. ಒಂದು ಮಂಚ, ಒಂದು ಸ್ಟವ್ವು, ದಪ್ಪ ಬೆನ್ನಿನ ಹಳೇ ಟಿವಿ. ಗೋಡೆಯ ಹಲಗೆಯ ಮೇಲೆ ಬೇರೆ ಮನೆಗಳಲ್ಲಿ ದೇವರ ಪಟವೋ ಸ್ಟೀಲ್ ಡಬ್ಬಿಯೋ ಇರುವ ಕಡೆ ವಿಡಿಯೊ ಗೇಮಿನ ಪೆಟ್ಟಿಗೆಗಳು. ನಲವತ್ತು. ನಲವತ್ತೊಂದನೆಯದು ಆಮೇಲೆ ಬಂತು. ಮಂಡ್ಯದಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರು ಮೇಷ್ಟ್ರ ಹಳೇ ಶಿಷ್ಯ. ಜನ ಬೇಡವೆಂದು ಎಸೆದುಹೋದ ಗೇಮಿನ ಯಂತ್ರಗಳನ್ನು ಸರಿಮಾಡಿ, ಆಟಗಳ ಸಮೇತ ತಂದುಕೊಡುತ್ತಿದ್ದರು. ಬೆರಳಿಗೆ ವ್ಯಾಯಾಮ ಎಂದು ಮೇಷ್ಟ್ರು ನನ್ನ ಕೈಗೆ ರಿಮೋಟು ಕೊಟ್ಟರು. ಎರಡನೇ ರಿಮೋಟಿನ ವೈರಿಗೆ ಕಟ್ಟಿದ ರಬ್ಬರ್ ಬ್ಯಾಂಡು ಅಂಟಿಹೋಗಿತ್ತು. ಅದನ್ನು ಬಿಡಿಸಲು ಬ್ಲೇಡು ಹುಡುಕಬೇಕಾಯಿತು.

ನಾವಿಬ್ಬರೂ ಆಡಿದ ಮೊದಲ ಆಟ ದೋಣಿಯದು. ಒಬ್ಬರು ಎಡಗಡೆ ಹುಟ್ಟು ಹಾಕಬೇಕು, ಇನ್ನೊಬ್ಬರು ಬಲಗಡೆ. ಮೇಷ್ಟ್ರು "ಒಂದು, ಎಲ್ಡು" ಎಂದು ಟೈಪಿಂಗ್ ತಾಳದಲ್ಲಿ ಎಣಿಸಿದರು. ದೋಣಿ ಅರ್ಧ ಗಂಟೆ ಇದ್ದಲ್ಲೇ ಸುತ್ತಿತು.

ಪ್ರತಿ ಪೆಟ್ಟಿಗೆಯೊಳಗೂ ಅರ್ಧ ಹಾಳೆ ಮಡಚಿಟ್ಟಿತ್ತು. ಕನ್ನಡ ಟೈಪ್‌ರೈಟರಿನಲ್ಲಿ, ಒಂದು ತಪ್ಪೂ ಇಲ್ಲದೆ ಹೊಡೆದದ್ದು. ಮೇಲೆ 'ಅಭಿಪ್ರಾಯ' ಎಂಬ ತಲೆಬರಹ, ಅದರ ಮುಂದೆ ಸಂಖ್ಯೆ. ಬಾಯಲ್ಲಿ ಅಪ್ಪಟ ಮಂಡ್ಯದ ಮೇಷ್ಟ್ರು ಹಾಳೆಯ ಮೇಲೆ ಸರ್ಕಾರಿ ಪತ್ರದಷ್ಟು ಗಂಭೀರ. ದೋಣಿ ಆಟದ ಹಾಳೆಯಲ್ಲಿ ಹೀಗಿತ್ತು: "ಇಬ್ಬರು ಬೇಕು. ಒಬ್ಬನೇ ಆಡಿದರೆ ದೋಣಿ ಸುತ್ತುತ್ತದೆ." ಮುಂದಿನ ಭಾನುವಾರ ತೆಗೆದು ನೋಡಿದರೆ ಕೆಳಗೆ ಒಂದು ಸಾಲು ಸೇರಿತ್ತು: "ಇಬ್ಬರು ಆಡಿದರೂ ಸುತ್ತಿತು."

ಕಾರ್ ರೇಸಿನ ಬಗ್ಗೆ: "ಎಲ್ಲರನ್ನೂ ಹಿಂದೆ ಹಾಕಿದ ಮೇಲೆ ರಸ್ತೆ ಖಾಲಿ. ಐದನೆಯವನಾಗಿ ಓಡಿಸುವುದು ವಾಸಿ, ಮುಂದೆ ನಾಲ್ಕು ಜನ ಕಾಣುತ್ತಾರೆ." ಬಂದೂಕಿನ ಆಟದ ಬಗ್ಗೆ: "ನೂರು ಜನರನ್ನು ಕೊಲ್ಲಲು ಒಂದೇ ಬೆರಳು ಸಾಕಾಗುತ್ತದೆ. ಮಿಕ್ಕ ಒಂಬತ್ತಕ್ಕೆ ಕೆಲಸವಿಲ್ಲ. ಇದು ಸರಿಯಲ್ಲ." ಬೇಸಾಯದ ಆಟವೊಂದಿತ್ತು: "ಬೆಳೆ ಮೂರು ದಿನಕ್ಕೆ ಕೊಯ್ಲಿಗೆ ಬರುತ್ತದೆ. ಇದನ್ನು ಮಾಡಿದವನು ಕಬ್ಬಿನ ಸೋಗೆ ಮುಟ್ಟಿದವನಲ್ಲ. ನೀರು ಹಾಯಿಸುವ ಸದ್ದು ಮಾತ್ರ ಸರಿಯಾಗಿದೆ." ಕುಸ್ತಿಯ ಆಟ: "ಹೊಡೆದಾಡುವ ಮೊದಲು ಇಬ್ಬರೂ ಬಗ್ಗಿ ನಮಸ್ಕಾರ ಮಾಡುತ್ತಾರೆ. ನಮ್ಮ ಕಡೆ ಅಷ್ಟೂ ಇಲ್ಲ."

ಈ ಅಭಿಪ್ರಾಯಗಳಲ್ಲಿ ಒಂದು ದೋಷವಿತ್ತು. ಅದು ತಿಳಿಯಲು ನನಗೆ ತಿಂಗಳುಗಳು ಬೇಕಾದವು. ಮೇಷ್ಟ್ರು ಯಾವ ಉದ್ದದ ಆಟವನ್ನೂ ಕೊನೆಯವರೆಗೆ ನೋಡಿರಲಿಲ್ಲ. ಆಟವನ್ನು ಮಧ್ಯದಲ್ಲಿ ಉಳಿಸಿಟ್ಟು ಮಾರನೆಯ ದಿನ ಅಲ್ಲಿಂದಲೇ ಮುಂದುವರಿಸಬಹುದು ಎಂಬುದು ಅವರಿಗೆ ಗೊತ್ತಿತ್ತು. ಉಳಿಸುತ್ತಿರಲಿಲ್ಲ.

"ಪರೀಕ್ಸೇಲಿ ಮಧ್ಯ ಎದ್ದೋಗಿ, ಮಿಕ್ಕಿದ್ದು ನಾಳೆ ಬಂದು ಒಡೀತೀನಿ ಅಂದ್ರೆ ಬುಡ್ತಾರೇನಮ್ಮಾ?"

ಕರೆಂಟು ಹೋದರೆ ಗಂಟೆ ಹೊಡೆದ ಹಾಗೆ. ಕೈ ಎತ್ತಬೇಕು. ಮತ್ತೆ ಬಂದಾಗ ಮೊದಲಿನಿಂದ. ಸಾಹೇಬರು ಕೊಡಲು ಬಂದ ಇನ್ವರ್ಟರನ್ನು ಮೆಟ್ಟಿಲಿನಿಂದಲೇ ವಾಪಸ್ಸು ಕಳಿಸಿದ್ದರಂತೆ. ಹೀಗಾಗಿ ನಲವತ್ತು ಆಟಗಳ ಮೇಲಿನ ಅಭಿಪ್ರಾಯವೂ ಒಮ್ಮೆ ಕರೆಂಟು ಬಂದು ಮತ್ತೆ ಹೋಗುವುದರೊಳಗೆ ಎಷ್ಟು ದೂರ ಹೋಗಬಹುದೋ ಅಷ್ಟರ ಮೇಲಿನ ಅಭಿಪ್ರಾಯ.

"ಪೂರ್ತಿ ನೋಡದೆ ಅಭಿಪ್ರಾಯ ಬರೆಯೋದು ಸರೀನಾ ಮೇಷ್ಟ್ರೇ?"

"ನೀನು ಮದ್ವೆ ಆಗ್ಬೇಕಾರೆ ಗಂಡನ್ನ ಪೂರ್ತಿ ನೋಡ್ಬುಟ್ಟು ಆದ್ಯಾ?"

"ನೋಡಿದ್ರೆ ಆಗ್ತಿರಲಿಲ್ಲ" ಎಂದೆ, ಅವರು ಜೋರಾಗಿ ನಕ್ಕರು. ಇಲ್ಲ, ಈ ಉತ್ತರ ನನಗೆ ಹೊಳೆದದ್ದು ವಾಪಸ್ಸು ಹೋಗುವಾಗ ಬಸ್ಸಿನಲ್ಲಿ. ಅವರು ನಕ್ಕದ್ದು ಹೇಗೆ ನೆನಪಿದೆ ಎಂದು ಕೇಳಬೇಡಿ.

ನಲವತ್ತೊಂದನೆಯ ಆಟದಲ್ಲಿ ಒಬ್ಬ ಮನುಷ್ಯ, ಒಂದು ಪ್ರಾಣಿ. ಕೊಂಬಿತ್ತು, ಕುದುರೆಯಷ್ಟು ಎತ್ತರವಿತ್ತು. ಮೇಷ್ಟ್ರು ಅದನ್ನು 'ಅಸ' ಎಂದರು, ಹಸು. ನಮಗಿಬ್ಬರಿಗೂ ಅದು ಹಸುವೇ ಆಯಿತು. ಎಲ್ಲಿಂದಲೋ ತಪ್ಪಿಸಿಕೊಂಡು ಬಂದ ಹಸುವನ್ನು ಹಗ್ಗ ಹಿಡಿದು ಊರಿಂದೂರಿಗೆ ನಡೆಸಿಕೊಂಡು ಹೋಗಿ ಅದರ ಮನೆ ಸೇರಿಸಬೇಕು. ಹೊಡೆದಾಟವಿಲ್ಲ, ಮಾತಿಲ್ಲ. ಒಂದೊಂದು ಮನೆಯ ಬಾಗಿಲು ತಟ್ಟುವುದು, ಒಳಗಿನವರು ಬಂದು ಹಸುವನ್ನು ನೋಡುವುದು, ತಲೆಯಾಡಿಸುವುದು, ಬಾಗಿಲು ಹಾಕಿಕೊಳ್ಳುವುದು. ಕೊನೆ ಮುಟ್ಟಲು ನಾಲ್ಕು ಗಂಟೆಯ ಮೇಲೆ ಬೇಕು ಎಂದು ಸಾಹೇಬರು ಹೇಳಿದ್ದರು. ಆ ಬೇಸಿಗೆಯಲ್ಲಿ ಕರೆಂಟು ಒಟ್ಟಿಗೆ ಮೂರು ಗಂಟೆ ಇದ್ದರೆ ಅದೇ ದೊಡ್ಡದು.

"ನಮ್ ಕಡೆ ಆಗಿದ್ರೆ ದೊಡ್ಡೀಲಿ ಕಟ್ಟಾಕ್ಬುಟ್ಟು ಬತ್ತಿದ್ದೆ. ಈವಯ್ಯ ನೋಡು, ಯಾರ್ದೋ ಅಸಕ್ಕೆ ಊರೂರು ಸುತ್ತಾವ್ನೆ" ಎಂದು ಬಯ್ಯುತ್ತಲೇ ಮೇಷ್ಟ್ರು ಪ್ರತಿ ಭಾನುವಾರ ಅದನ್ನೇ ಹಾಕುತ್ತಿದ್ದರು. ಅಷ್ಟರಲ್ಲಿ ಕೈ ನಡುಗಲು ಶುರುವಾಗಿತ್ತು. ಬೆರಳು ಅದುರಿದರೆ ತೆರೆಯ ಮೇಲಿನ ಮನುಷ್ಯ ಹಗ್ಗ ಜಗ್ಗುತ್ತಾನೆ, ಹಸು ಹೆಜ್ಜೆ ಕೀಳುವುದಿಲ್ಲ. ಬೆರಳು ಜಾರಿದರೆ ಹಗ್ಗ ಬಿಟ್ಟುಹೋಗಿ ಹಸು ಬಂದ ದಾರಿಯಲ್ಲೇ ಓಡುತ್ತದೆ.

"ಡಾಕ್ಟ್ರು ಏಳವ್ರೆ, ಇನ್ನೊಂದ್ ವರ್ಸಕ್ಕೆ ಸರ್ಟ್ ಗುಂಡಿ ಆಕಳಕ್ಕೂ ಆಗಲ್ವಂತೆ" ಎಂದರು ಒಂದು ದಿನ, ತೆರೆಯಿಂದ ಕಣ್ಣು ತೆಗೆಯದೆ. "ಗುಂಡಿ ಇಲ್ದಿರೋ ಸರ್ಟ್ ಒಲಿಸ್ಕತೀನಿ, ಅದೇನ್ ಬುಡು. ಅಸ ಯಾರ್ದು ಅಂತ ಗೊತ್ತಾಗ್ಬೇಕಲ್ಲ ಅಷ್ಟೊತ್ತಿಗೆ."

ನಾನು ಪರೀಕ್ಷೆ ಪಾಸಾಗಿದ್ದೆ. ಕಿರುಬೆರಳು ಬಂದಿತ್ತು. ಆದರೂ ಭಾನುವಾರ ಮದ್ದೂರಿಗೆ ಹೋಗುತ್ತಿದ್ದೆ. ಮನೆಯಲ್ಲಿ ಏನು ಹೇಳಿ ಹೋಗುತ್ತಿದ್ದೆ, ನೆನಪಿಲ್ಲ. ಬಹುಶಃ ಯಾರೂ ಕೇಳುತ್ತಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಮೇಷ್ಟ್ರು ಹಿಂದೆಂದೂ ಹೋಗದಷ್ಟು ದೂರ ಹೋಗಿದ್ದರು. ಆಟ ಶುರುವಾಗಿ ಮೂರು ಗಂಟೆ ದಾಟಿತ್ತು, ಕರೆಂಟು ಇನ್ನೂ ಇತ್ತು. ಒಂದು ಬಾವಿಯ ಹತ್ತಿರ ಹಸುವನ್ನು ನಿಲ್ಲಿಸಿ, ಕೈ ಒಂದು ಗಳಿಗೆ ಆರಲಿ ಎಂದು ಎದ್ದರು. ಕೆಳಗಿನಿಂದ ಟೀ ತರುತ್ತೇನೆಂದು ರಿಮೋಟನ್ನು ನನ್ನ ಕೈಗೆ ಕೊಟ್ಟರು.

"ಅಗ್ಗ ಬುಡ್ಬ್ಯಾಡ. ಸುಮ್ನೆ ನಿಂತಿರು ಅಷ್ಟೆಯ."

ಆ ಆಟದಲ್ಲಿ ಬಾವಿಯಿಂದ ನೀರು ಸೇದಿದರೆ, ಇಲ್ಲಿಯವರೆಗಿನದನ್ನು ಉಳಿಸಿಡಲೇ ಎಂದು ಅದೇ ಕೇಳುತ್ತದೆ. ಮೇಷ್ಟ್ರು ಪ್ರತಿ ಬಾವಿಯಲ್ಲೂ ಹಸುವಿಗೆ ನೀರು ಕುಡಿಸಿ, ಬೇಡ ಎಂದು ಒತ್ತಿ ಮುಂದೆ ಹೋಗುತ್ತಿದ್ದರು. ನಾನು ನೀರು ಸೇದಿದೆ. ಹೂಂ ಎಂದು ಒತ್ತಿದೆ. ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಕೇಳುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಟೀ ಕುಡಿದು ಅವರು ಮತ್ತೆ ಹೊರಟರು. ಒಂದು ಏರು, ಒಂದು ಕಾಲುಸೇತುವೆ, ಆಚೆ ಒಂಟಿ ಮನೆ. ಕಿಟಕಿಯಲ್ಲಿ ದೀಪವಿತ್ತು. ಹಸು ತಾನಾಗಿಯೇ ಮುಂದೆ ನಡೆಯಿತು. ಅದುವರೆಗೆ ಎಂದೂ ಹಾಗೆ ಮಾಡಿರಲಿಲ್ಲ. ಮೇಷ್ಟ್ರು ಬಾಗಿಲು ತಟ್ಟಿದರು. ಬಾಗಿಲ ಸಂದಿಯಲ್ಲಿ ಬೆಳಕಿನ ಗೆರೆಯೊಂದು ಅಗಲವಾಗತೊಡಗಿತು. ಕರೆಂಟು ಹೋಯಿತು.

ತೆರೆಯ ಮಧ್ಯದ ಚುಕ್ಕಿ ಆರಿಹೋಗುವವರೆಗೂ ನೋಡಿ ಅವರು, "ತೆಗೀತಿದ್ರು ಕಣಮ್ಮ" ಎಂದರು.

ನಾನು ಸಂತೋಷದಿಂದಲೇ ಹೇಳಿದೆ. "ಮೊದಲಿಂದ ಶುರು ಮಾಡಬೇಕಾಗಿಲ್ಲ ಮೇಷ್ಟ್ರೇ. ಬಾವಿ ಹತ್ರ ಉಳಿಸಿದ್ದೀನಿ."

ಅವರು ನನ್ನ ಕಡೆ ತಿರುಗಿದರು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

"ಇನ್ನೊಂದ್ ಸಲ ನನ್ ಕೈಲಿ ಆಗಲ್ಲ ಅಂತ ನಿಂಗೂ ಅನ್ನುಸ್ತಾ?"

ಇಲ್ಲ ಮೇಷ್ಟ್ರೇ, ಎನ್ನಬೇಕಿತ್ತು. ಯಾರಿಗಾದರೂ ಇದನ್ನು ಹೇಳುವಾಗ ಹಾಗೆ ಅಂದೆ ಎಂದೇ ಹೇಳುತ್ತೇನೆ, ಒಮ್ಮೊಮ್ಮೆ ಕಣ್ಣಲ್ಲಿ ನೀರು ಬಂತು ಎಂದೂ ಸೇರಿಸುತ್ತೇನೆ. ನಾನು ಅಂದದ್ದು ಬೇರೆ. "ಐದು ಗಂಟೆ ಬಸ್ಸಿಗೆ ಹೊತ್ತಾಯ್ತಲ್ಲ ಅಂತ" ಎಂದೆ. ಅದು ಸುಳ್ಳೂ ಆಗಿರಲಿಲ್ಲ. ನೀರು ಸೇದುವಾಗ ಅವರ ಕೈಯೂ ನನ್ನ ತಲೆಯಲ್ಲಿತ್ತು, ಬಸ್ಸೂ ಇತ್ತು. ಯಾವುದು ಗುಂಡಿ ಒತ್ತಿತೋ ಕಾಣೆ.

"ಓಗು ಮತ್ತೆ, ಬಸ್ಸು ಬುಡ್ತಾನೆ" ಎಂದರು. ಸಿಟ್ಟಿನಲ್ಲಿ ಅಲ್ಲ. ನಾನು ಚಪ್ಪಲಿ ಹಾಕಿಕೊಳ್ಳುವಾಗ ಒಳಗಿನಿಂದ, "ಪಾಸಾಗಿದ್ದೀಯಲ್ಲ, ಇನ್ ಬರೋದೇನಿಲ್ಲ" ಎಂದರು.

ನಾನು ಹೋಗಲಿಲ್ಲ. ಎಂಟು ತಿಂಗಳು. ಕಚೇರಿ ಕೆಲಸಕ್ಕೆ ಮಂಡ್ಯಕ್ಕೆ ಹೋಗುವಾಗ ಮದ್ದೂರಿನಲ್ಲೇ ಬಸ್ಸು ಬದಲಾಯಿಸುತ್ತಿದ್ದೆ. ಬೇಕರಿ ಕಾಣುತ್ತಿತ್ತು, ಮೊದಲ ಮೂರು ಮೆಟ್ಟಿಲು ಕಾಣುತ್ತಿದ್ದವು. ಮುಂದಿನ ವಾರ ಎಂದುಕೊಳ್ಳುತ್ತಿದ್ದೆ. ಏನು ಹೇಳಿ ಹತ್ತಬೇಕು ಎಂಬುದು ಸಿಗುತ್ತಿರಲಿಲ್ಲ. ಅವರಾದರೂ ಒಂದು ಫೋನ್ ಮಾಡಬಹುದಿತ್ತಲ್ಲ ಎಂದೂ ಅನ್ನಿಸಿತ್ತು. ಇದನ್ನು ಬರೆಯದೆ ಬಿಡುವುದು ಸುಲಭವಿತ್ತು.

ಫೋನ್ ಮಾಡಿದ್ದು ಸಾಹೇಬರು. ಜ್ವರ ಬಂದು ನಾಲ್ಕು ದಿನಕ್ಕೆ ಮೇಷ್ಟ್ರು ಹೋಗಿದ್ದರು. ಹೋಗಿ ಹದಿನೈದು ದಿನವಾಗಿತ್ತು. ಅವರ ಫೋನಿನಲ್ಲಿ ನನ್ನ ನಂಬರು 'ಕಿರುಬೆರಳು' ಎಂದಿತ್ತಂತೆ, ಯಾರೆಂದು ತಿಳಿಯಲು ತಡವಾಯಿತು ಎಂದು ಸಾಹೇಬರು ನೊಂದುಕೊಂಡರು.

ಮಂಡ್ಯದ ಅವರ ಅಂಗಡಿಯಲ್ಲಿ ಬಿಚ್ಚಿದ ರೇಡಿಯೊಗಳ ನಡುವೆ ನಲವತ್ತೊಂದು ಪೆಟ್ಟಿಗೆಗಳು ಇದ್ದವು. ಇವನ್ನು ಬೇರೆ ಬೇರೆ ಮಾಡಲು ಕೈ ಬರುತ್ತಿಲ್ಲ, ಕೇಳುವವರೂ ಇಲ್ಲ ಎಂದರು. ನಾನು ಕೇಳಬೇಕಾದ್ದನ್ನು ಕೇಳಿದೆ.

"ಹಸುವಿನ ಆಟ ಮುಗಿಸಿದ್ರಾ?"

"'ಆಯಮ್ಮ ಕೇಳುದ್ರೆ ಮುಗಿಸ್ದೆ ಅಂತ ಏಳು' ಅಂದ್ರು."

"ಮುಗಿಸಿದ್ರಾ ಇಲ್ವಾ ಸಾಹೇಬ್ರೇ?"

"ಅಂತ ಹೇಳು ಅಂದ್ರಮ್ಮ. ನಾನೇನು ಪಕ್ಕದಲ್ಲಿ ಕೂತಿದ್ನಾ? ನೀವೂ ಇರಲಿಲ್ಲ, ನಾನೂ ಇರಲಿಲ್ಲ."

ಸಾಹೇಬರು ಯಂತ್ರಕ್ಕೆ ವೈರು ಸಿಕ್ಕಿಸಿ ಆಟ ಹಾಕಿದರು. ನಾನು ಉಳಿಸಿದ್ದು ಹಾಗೇ ಇತ್ತು: ಬಾವಿ, ಮನುಷ್ಯ, ಹಸು. ಅಲ್ಲಿಂದ ಯಾರೂ ಮುಂದೆ ಹೋಗಿರಲಿಲ್ಲ, ಹೋಗಿದ್ದರೂ ಉಳಿಸಿರಲಿಲ್ಲ. ಉಳಿಸದವರ ಗುರುತು ಯಂತ್ರದಲ್ಲಿ ಇರುವುದಿಲ್ಲ.

ಪೆಟ್ಟಿಗೆಯಲ್ಲಿ ಅರ್ಧ ಹಾಳೆಯಿತ್ತು. ಅಭಿಪ್ರಾಯ ೪೧. "ಹಸು ಯಾರದೆಂದು ತಿಳಿಯಿತು. ಇಲ್ಲಿ ಬರೆಯುವುದಿಲ್ಲ. ಆಡಿದವರಿಗೆ ತಿಳಿಯಲಿ." ನಾನು ಇಲ್ಲಿ ಸರಿಪಡಿಸಿ ಬರೆದಿದ್ದೇನೆ. ಹಾಳೆಯ ಮೇಲೆ ಏಳು ತಪ್ಪುಗಳಿವೆ. ಒಂದೇ ಅಕ್ಷರ ಎರಡು ಸಲ, ಮೂರು ಸಲ ಬಿದ್ದಿದೆ. ಒಂದು ತಪ್ಪಿಗೆ ಇಡೀ ಹಾಳೆ ಹರಿದು ಹೊಸದು ಹಾಕಿಸುತ್ತಿದ್ದ ಮನುಷ್ಯ ಇದನ್ನು ಹರಿದಿರಲಿಲ್ಲ.

ಆ ಆಟ ಈಗ ಮಳವಳ್ಳಿಯಲ್ಲಿ ನನ್ನ ಮನೆಯಲ್ಲಿದೆ. ಬಾವಿಯಿಂದ ಆ ಒಂಟಿ ಮನೆಗೆ ಹೆಚ್ಚೆಂದರೆ ಅರ್ಧ ಗಂಟೆಯ ದಾರಿ. ನಾನಿನ್ನೂ ಹೋಗಿಲ್ಲ. ಹೋದರೆ ಹಸು ಯಾರದೆಂದು ನನಗೆ ತಿಳಿಯುತ್ತದೆ. ಮೇಷ್ಟ್ರು ಮತ್ತೊಮ್ಮೆ ಮೊದಲಿನಿಂದ ನಡೆದು, ಆ ಬಾಗಿಲು ತೆರೆಯುವುದನ್ನು ನೋಡಿ ಆ ಸಾಲು ಹೊಡೆದರೋ, ನೋಡದೆಯೇ ನನಗೆಂದು ಹೊಡೆದಿಟ್ಟರೋ, ನನಗೆ ಗೊತ್ತಿಲ್ಲ.