ದುಂಡು ಕಿಟಕಿಯ ತಲೆ

ರಾವೂರಿನ ಗೌಂಡಿ ಕಾಶಪ್ಪನ ಪ್ರಕಾರ ಕೆಲಸ ಬಲ್ಲವರು ಲೋಕದಲ್ಲಿ ಇಬ್ಬರೇ: ತಾನು, ಮತ್ತೆ ತೀರಿಹೋದ ತನ್ನಪ್ಪ. ಮಿಕ್ಕವರೆಲ್ಲ ಸಿಮೆಂಟ್ ಕಲಸಲಿಕ್ಕೂ ನಾಲಾಯಕ್. ಯಾರಾದರೂ ಫರಸಿ ಕಲ್ಲು ಹಾಸುತ್ತಿದ್ದರೆ ನಿಂತು ಬೈಯುತ್ತಿದ್ದ: "ಕಲ್ಲಿಗೂ ಮುಖ ಬೆನ್ನು ಇರ್ತದಲೇ! ನೋಡದೇ ಹಾಕಾಂವ ಗೌಂಡಿ ಅಲ್ಲ, ಕತ್ತೆ." ನಲವತ್ತು ವರ್ಷದಲ್ಲಿ ತಾನು ಕಟ್ಟಿದ್ದನ್ನು ತಾನೇ ಒಡೆದದ್ದಿಲ್ಲ ಎಂಬುದು ಅವನ ಜಂಬ. ಹೋಟೆಲಿನಲ್ಲಿ ಆ ಮಾತು ಹೇಳದೆ ಚಹಾ ಗಂಟಲಿಗೆ ಇಳಿಯುತ್ತಿರಲಿಲ್ಲ.

ಪಕ್ಕದೂರು ವಾಡಿಯಲ್ಲಿ ಮನೆ ಕಟ್ಟಿಸುತ್ತಿದ್ದ ವಾಸುದೇವ ಮಾಸ್ತರರ ಹೆಂಡತಿ ಪದ್ಮಾಬಾಯಿಗೆ ದೇವರ ಕೋಣೆಗೆ ದುಂಡು ಕಿಟಕಿಯೇ ಬೇಕಾಯಿತು. ಮೊಬೈಲಿನಲ್ಲಿ ನೋಡಿದ್ದರಂತೆ.

"ಕಿಟಕಿ ಏನ್ ರೊಟ್ಟಿ ಏನ್ರಿ ಬಾಯಾರ, ದುಂಡಗ ಇರ್ಲಿಕ್ಕ?" ಎಂದು ಕಾಶಪ್ಪ ನಕ್ಕ. ಆದರೂ ಒಪ್ಪಿದ. ಬಿಟ್ಟರೆ ಬೇರೆ ಗೌಂಡಿ ಬರುತ್ತಾನಲ್ಲ!

ಬಡಿಗ ಜಹಾಂಗೀರ ಸಾಗವಾನಿಯ ದುಂಡು ಚೌಕಟ್ಟು ತಂದ. ಕಿಟಕಿಯ ಬಾಗಿಲು ಇನ್ನೂ ಹಚ್ಚಿರಲಿಲ್ಲ; ಬಾಗಿಲು ತಿರುಗುವ ಬಿಜಾಗರಿ ಕೂಡುವ ಜಾಗವನ್ನಷ್ಟೇ ಕೊರೆದಿದ್ದ. "ಕಾಶಣ್ಣ, ಈ ಪೆನ್ಸಿಲ್ ಗುರ್ತು ಮ್ಯಾಲ ಬರ್ಬೇಕು ನೋಡು."

"ದುಂಡಗ ಇದ್ದದ್ದಕ್ಕ ಮ್ಯಾಲೇನು, ಕೆಳಗೇನು? ನನಗ ಕೆಲಸ ಕಲಿಸ್ಲಿಕತ್ತೀಯೇನು?" ಕಾಶಪ್ಪ ಹೆಬ್ಬೆರಳಿಗೆ ಉಗುಳು ಹಚ್ಚಿ ಗುರುತನ್ನು ಒರೆಸಿಬಿಟ್ಟ. ಚೌಕಟ್ಟನ್ನು ಬಂಡಿಗಾಲಿಯಂತೆ ಗೋಡೆಯ ತನಕ ಉರುಳಿಸಿದ, ಹೇಗೆ ನಿಂತಿತೋ ಹಾಗೇ ಎತ್ತಿ ಕೂರಿಸಿದ. ಸುತ್ತಲಿನ ಕಲ್ಲುಗಳನ್ನು ಮಾತ್ರ, ಸುಳ್ಳು ಯಾಕೆ, ಕೂದಲು ತೂರದಂತೆ ಜೋಡಿಸಿದ.

ವಾರ ಬಿಟ್ಟು ಜಹಾಂಗೀರ ಕೊರೆದಿದ್ದ ಜಾಗಕ್ಕೇ ಬಾಗಿಲು ಹಚ್ಚಿದ. ಮಗ್ಗುಲಲ್ಲಿ ಬರಬೇಕಾದ ಬಿಜಾಗರಿ ನೆತ್ತಿಯ ಮೇಲೆ ಬಂದಿತ್ತು. ಕಾಶಪ್ಪನ ಎದುರಿಗೇ ಪದ್ಮಾಬಾಯಿ ದೀಪ ಹಚ್ಚಿ ಕಿಟಕಿ ಹೊರಗೆ ದೂಡಿ ಕೈ ಬಿಟ್ಟರು. ಬಾಗಿಲು ಪೆಟ್ಟಿಗೆಯ ಮುಚ್ಚಳದಂತೆ ಧಡಕ್ಕನೆ ಬಿತ್ತು, ದೀಪ ಆರಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ!

"ಬ್ಯಾರೆ ಕಡಿ ಕೊರದ್ರ ಕಟಗಿ ಸೀಳ್ತದ್ರಿ," ಎಂದ ಜಹಾಂಗೀರ.

"ಇರ್ಲಿ ಬಿಡಪಾ ಕಾಶಪ್ಪ, ಕೋಲು ಕೊಟ್ಟು ನಿಲ್ಲಸ್ತೀವಿ," ಎಂದರು ಮಾಸ್ತರರು, ಮೆತ್ತಗೆ. ಬೈದಿದ್ದರೆ ಕಾಶಪ್ಪ ತಿರುಗಿ ಬೈಯುತ್ತಿದ್ದ. ಕರುಣೆಗೆ ತಿರುಗಿ ಬೈಯುವುದು ಹೇಗೆ? ದಾರಿಗೆ ಕಾಣುವಂತೆ ಆ ಕೋಲು ದಿನಾ ನಿಲ್ಲುತ್ತದೆ ಎಂದು ನೆನೆದೇ ಅವನಿಗೆ ಮೈ ಉರಿಯಿತು.

"ಕಲ್ಲಿಗಿ ಮುಖ ಇರ್ತದ ಅಂತಿದ್ದೆಲ್ಲ ಕಾಶಣ್ಣ," ಎಂದ ಜಹಾಂಗೀರ. "ಕಟಗಿಗಿ ಇರಂಗಿಲ್ಲೇನು?"

ಕಾಶಪ್ಪ ಸುತ್ತಿಗೆ ಎತ್ತಿಕೊಂಡ. ಕೂದಲು ತೂರದಂತೆ ಜೋಡಿಸಿದ್ದ ಕಲ್ಲುಗಳು ಅಷ್ಟು ಸುಲಭವಾಗಿ ಬರಲಿಲ್ಲ. ಸಂಜೆಯ ತನಕ ಒಡೆದ.

ಈಗ ಕಿಟಕಿ ಸರಿಯಾಗಿ ತೆರೆಯುತ್ತದೆ. ಕಾಶಪ್ಪ ಹೋಟೆಲಿಗೆ ಬರುತ್ತಾನೆ, ಸುಮ್ಮನೆ ಚಹಾ ಕುಡಿದು ಹೋಗುತ್ತಾನೆ.